ಧೀವರನೂ ಕೃಷಿಕನೂ: ಬೆಳೆಯ ಮೇಲಿನ ವಿಷವನ್ನು ಕುರಿತು ಒಂದು ವಿಚಾರ

ಕೃಷಿಯು ಅಹಿಂಸಾಣುವ್ರತವನ್ನು ಕೈಕೊಂಡ ಶ್ರಾವಕನಿಗೆ ತಕ್ಕ ವೃತ್ತಿಯೇ ಎಂಬ ಪ್ರಶ್ನೆ ನಮ್ಮ ಸಮಾಜದಲ್ಲಿ ಹೊಸದಲ್ಲ. ನೇಗಿಲು ನೆಲವನ್ನು ಸೀಳುವಾಗ ಎರೆಹುಳುಗಳು ತುಂಡಾಗುತ್ತವೆ. ಇರುವೆಯ ಗೂಡುಗಳು ಕೆಡುತ್ತವೆ. ಕಣ್ಣಿಗೆ ಕಾಣದ ಅಸಂಖ್ಯಾತ ಜೀವಗಳು ಅಳಿಯುತ್ತವೆ. ಈ ಕಾರಣದಿಂದಲೇ ಜೈನರು ನೆಲವನ್ನು ಬಿಟ್ಟು ವ್ಯಾಪಾರಕ್ಕೆ ಹೋದರೆಂದು ಹೊರಗಿನವರು ಬರೆದ ಪುಸ್ತಕಗಳಲ್ಲಿ ಆಗಾಗ ಓದುತ್ತೇವೆ. ಕರ್ನಾಟಕದ ಮಟ್ಟಿಗೆ ಈ ಮಾತು ಸಲ್ಲುವುದಿಲ್ಲ. 2011ರ ಜನಗಣತಿಯಂತೆ ನಮ್ಮ ರಾಜ್ಯದಲ್ಲಿ ಸುಮಾರು 4.4 ಲಕ್ಷ ಜೈನರಿದ್ದರು. ಅವರಲ್ಲಿ ಅಥಣಿ, ಚಿಕ್ಕೋಡಿ, ರಾಯಬಾಗಗಳ ಕಡೆಯ ಅನೇಕ ಮನೆತನಗಳು ತಲೆತಲಾಂತರದಿಂದ ಒಕ್ಕಲುತನವನ್ನೇ ನಂಬಿದವು. ಗಡಿಯಾಚೆಯ ಸಾಂಗ್ಲಿ, ಕೊಲ್ಹಾಪುರ ಜಿಲ್ಲೆಗಳ ನಮ್ಮ ಬಂಧುಗಳ ಸ್ಥಿತಿಯೂ ಹಾಗೆಯೇ. ತುಳುನಾಡಿನ ಜೈನ ಮನೆತನಗಳ ಅಡಕೆ ತೋಟಗಳನ್ನೂ ಭತ್ತದ ಗದ್ದೆಗಳನ್ನೂ ಅರಿಯದವರಿಲ್ಲ. ಭಗವಾನ್ ವೃಷಭದೇವರು ಕರ್ಮಭೂಮಿಯ ಆದಿಯಲ್ಲಿ ಪ್ರಜೆಗಳಿಗೆ ಉಪದೇಶಿಸಿದ ಷಟ್ಕರ್ಮಗಳಲ್ಲಿ ಅಸಿ, ಮಸಿಗಳ ಜೊತೆಗೆ ಕೃಷಿಯೂ ಇದೆಯೆಂಬುದನ್ನು ಜಿನಸೇನಾಚಾರ್ಯರ ಮಹಾಪುರಾಣವನ್ನೋ ಪಂಪನ ಆದಿಪುರಾಣವನ್ನೋ ಓದಿದವರು ಬಲ್ಲರು.

ಆಚಾರ್ಯರೆಲ್ಲರೂ ಈ ವಿಷಯದಲ್ಲಿ ಒಂದೇ ದನಿಯಲ್ಲಿ ಮಾತನಾಡಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ತ್ಯಜಿಸಬೇಕಾದ ಹದಿನೈದು ವೃತ್ತಿಗಳನ್ನು ಹೇಳುವಾಗ ಭೂಮಿಯನ್ನು ಒಡೆಯುವ ಕೆಲಸವನ್ನೂ ಸೇರಿಸಿದೆ. ಆದರೆ ನಮ್ಮ ನಾಡಿನ ಪರಂಪರೆಯಲ್ಲಿ ಗಟ್ಟಿಯಾಗಿ ನಿಂತದ್ದು ಬೇರೊಂದು ವಿಚಾರ. ಅದು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪೀ ಹಿಂಸೆ. ಮನೆಯ ಅಡುಗೆ, ಗುಡಿಸಾರಣೆಗಳಲ್ಲಿ ಆಗುವುದು ಆರಂಭೀ. ಜೀವನೋಪಾಯದ ವೃತ್ತಿಯಲ್ಲಿ ತಾನಾಗಿ ಸಂಭವಿಸುವುದು ಉದ್ಯೋಗೀ. ಆಕ್ರಮಣಕ್ಕೆ ಎದುರಾಗಿ ಆತ್ಮರಕ್ಷಣೆಗಾಗಿ ಮಾಡುವುದು ವಿರೋಧೀ. ಗೃಹಸ್ಥನಾದ ಶ್ರಾವಕನು ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ಬಿಡತಕ್ಕದ್ದು. ಉಳಿದ ಮೂರನ್ನು ಯತ್ನಾಚಾರದಿಂದ ಆದಷ್ಟು ತಗ್ಗಿಸತಕ್ಕದ್ದು.

ಈ ವಿಂಗಡಣೆಗೆ ಸೋಮದೇವಸೂರಿಗಳು 959ರಲ್ಲಿ ಮುಗಿಸಿದ ಯಶಸ್ತಿಲಕ ಚಂಪುವಿನಲ್ಲಿ ಅತ್ಯಂತ ಸಮರ್ಪಕವಾದ ಒಂದು ದೃಷ್ಟಾಂತವಿದೆ. ಪಂಪನಿಗೆ ಆಶ್ರಯವಿತ್ತ ಅರಿಕೇಸರಿಯ ಮಗನ ಆಳ್ವಿಕೆಯಲ್ಲಿ ರಚಿತವಾದ ಗ್ರಂಥವದು. ಆದ್ದರಿಂದ ಅದನ್ನು ನಮ್ಮದೇ ನೆಲದ ಚಿಂತನೆಯೆನ್ನಲು ಅಡ್ಡಿಯಿಲ್ಲ. ಮೀನು ಹಿಡಿಯುವ ಧೀವರನೊಬ್ಬ, ಹೊಲ ಉಳುವ ಕೃಷಿಕನೊಬ್ಬ. ಧೀವರನು ದಿನವೆಲ್ಲ ಬಲೆ ಬೀಸಿ ಒಂದು ಮೀನನ್ನೂ ಹಿಡಿಯದೆ ಬರಿಗೈಯಲ್ಲಿ ಮನೆಗೆ ಬರಬಹುದು. ಕೃಷಿಕನ ನೇಗಿಲಿಗೆ ಅದೇ ದಿನ ಸಾವಿರ ಜೀವಗಳು ಬಲಿಯಾಗಿರಬಹುದು. ಆದರೂ ಪಾಪದ ಹೊರೆ ಹೆಚ್ಚಾಗಿರುವುದು ಧೀವರನ ತಲೆಯ ಮೇಲೆ. ಅವನ ಮನಸ್ಸು ಮುಂಜಾನೆಯಿಂದ ಸಂಜೆಯವರೆಗೆ ಸಾವನ್ನೇ ಬಯಸಿತ್ತು. ಕೃಷಿಕನ ಮನಸ್ಸು ಬಯಸಿದ್ದು ಪೈರನ್ನು. ಸತ್ತ ಜೀವಿಗಳ ಲೆಕ್ಕಕ್ಕಿಂತ ಮನಸ್ಸಿನ ಅಭಿಪ್ರಾಯವು ಹಿರಿದೆಂಬುದು ಈ ದೃಷ್ಟಾಂತದ ತಿರುಳು. ಮೀನುಗಾರರೂ ನಮ್ಮಂತೆಯೇ ಹೊಟ್ಟೆಪಾಡಿನವರು. ಇಲ್ಲಿ ಧೀವರನೆಂಬುದು ಒಂದು ಮನೋಭಾವದ ಹೆಸರು, ಯಾವುದೊಂದು ಜಾತಿಯನ್ನು ಹಳಿಯಲು ಹೇಳಿದ ಮಾತಲ್ಲ ಎಂಬುದನ್ನು ಇಲ್ಲಿಯೇ ಸೇರಿಸುವುದು ಲೇಸು.

ಸಾವಿರ ವರ್ಷಗಳ ಕಾಲ ಈ ದೃಷ್ಟಾಂತದ ಬಲದಿಂದ ಜೈನ ಒಕ್ಕಲಿಗನು ತಲೆಯೆತ್ತಿ ಬಸದಿಗೆ ಹೋದನು. ಈಗ ಕೇಳಬೇಕಾದ ಪ್ರಶ್ನೆಯೆಂದರೆ, ಬೆನ್ನಿಗೆ ಸಿಂಪಡಣೆಯ ಡಬ್ಬಿ ಕಟ್ಟಿಕೊಂಡು ಹೊಲಕ್ಕಿಳಿಯುವವನು ಈ ಇಬ್ಬರಲ್ಲಿ ಯಾರು?

ನೇಗಿಲಿಗೂ ಕೀಟನಾಶಕಕ್ಕೂ ಇರುವ ಅಂತರ ಪ್ರಮಾಣದ್ದಷ್ಟೇ ಅಲ್ಲ. ನೇಗಿಲು ಇರುವುದು ನೆಲವನ್ನು ಸಡಿಲಿಸಲಿಕ್ಕೆ. ಎರೆಹುಳು ಸಾಯದಿದ್ದರೆ ಉಳುವವನಿಗೆ ನಷ್ಟವೇನೂ ಇಲ್ಲ, ಲಾಭವೇ ಉಂಟು. ಕೀಟನಾಶಕಕ್ಕೆ ಕೊಲ್ಲುವುದಲ್ಲದೆ ಬೇರೆ ಪ್ರಯೋಜನವೇ ಇಲ್ಲ. ಸಿಂಪಡಿಸಿದ ಮರುದಿನ ಹೊಲಕ್ಕೆ ಹೋಗಿ ಹುಳುಗಳು ಸತ್ತಿವೆಯೇ ಎಂದು ಎಲೆ ಮಗುಚಿ ನೋಡುತ್ತೇವೆ. ಸಾಯದಿದ್ದರೆ ಅಂಗಡಿಯವನೊಡನೆ ಜಗಳಕ್ಕೆ ನಿಲ್ಲುತ್ತೇವೆ. ಬಲೆಯಲ್ಲಿ ಮೀನು ಬಿದ್ದಿದೆಯೇ ಎಂದು ನೋಡುವವನ ಕಣ್ಣಿಗೂ ಈ ಕಣ್ಣಿಗೂ ಏನು ಭೇದ? ಇದನ್ನು ನಮ್ಮ ಮನಸ್ಸು ಬಲ್ಲದು. ಬಲ್ಲದೆಂಬುದಕ್ಕೆ ನಾವು ಆಡುವ ಮಾತೇ ಸಾಕ್ಷಿ. ಕನ್ನಡದ ಯಾವ ಹಳ್ಳಿಯಲ್ಲಿಯೂ ರೈತನು ‘ವಿಷ ಹೊಡೆದೆ’ ಎನ್ನುವುದಿಲ್ಲ. ‘ಔಷಧಿ ಹೊಡೆದೆ’ ಎನ್ನುತ್ತಾನೆ. ಕೆಲವು ಕಡೆ ‘ಎಣ್ಣೆ ಹೊಡೆದೆ’ ಎನ್ನುವುದೂ ಉಂಟು. ಕೊಲ್ಲುವ ವಸ್ತುವಿಗೆ ಬದುಕಿಸುವ ವಸ್ತುವಿನ ಹೆಸರಿಟ್ಟ ಮೇಲೆ ಸಂಕಲ್ಪವು ಮಾತಿನ ಮರೆಯಲ್ಲಿ ಅಡಗಿಕೊಳ್ಳುವುದು ಸುಲಭ.

ಇಲ್ಲಿ ಪ್ರತಿವಾದಿಯು ಎದ್ದು ನಿಲ್ಲುತ್ತಾನೆ. ಅವನ ಮಾತು ಹಗುರವಾದುದಲ್ಲ. ಅವನು ಹೇಳುತ್ತಾನೆ: ಕಾಯಿಕೊರಕದ ಹುಳು ನನ್ನ ತೊಗರಿಯ ಮೇಲೆ ಬಿದ್ದಿದೆ, ನಾನು ಅದರ ಮನೆಗೆ ಹೋಗಿ ಕೊಲ್ಲುತ್ತಿಲ್ಲ, ಅದು ನನ್ನ ಮಕ್ಕಳ ಅನ್ನಕ್ಕೆ ಬಂದಿದೆ. ಆದುದರಿಂದ ಇದು ವಿರೋಧೀ ಹಿಂಸೆ. ರಾಜನು ಶತ್ರುಸೈನ್ಯವನ್ನು ಎದುರಿಸಬಹುದಾದರೆ ರೈತನು ಹುಳುವನ್ನು ಎದುರಿಸಬಾರದೇ?

ಹುಳುವಿಗೆ ನಮ್ಮ ಮೇಲೆ ದ್ವೇಷವಿಲ್ಲ, ಅದು ಹಸಿವಿಗಾಗಿ ಬಂದದ್ದು ಎಂಬ ಉತ್ತರವನ್ನು ಕೊಡಬಹುದು. ಆದರೆ ಸಾಲ ಮಾಡಿ ಬಿತ್ತಿದವನಿಗೆ ಅದು ಉತ್ತರವಾಗಲಾರದು. ಅವನ ವಾದವನ್ನು ಅವನ ಮಾತಿನಂತೆಯೇ ಒಪ್ಪಿಕೊಂಡು ನೋಡೋಣ. ಆಕ್ರಮಣ ನಡೆದಿರಬೇಕು, ಬೇರೆ ಉಪಾಯ ಉಳಿದಿರಬಾರದು, ಏಟು ಆಕ್ರಮಿಸಿದವನ ಮೇಲೆ ಬೀಳಬೇಕು. ವಿರೋಧೀ ಹಿಂಸೆಗೆ ಇವಿಷ್ಟಾದರೂ ನಿಬಂಧನೆಗಳು ಇರಲೇಬೇಕಲ್ಲವೆ? ನಮ್ಮ ಹೊಲಗಳಲ್ಲಿ ನಡೆಯುತ್ತಿರುವುದೇನು? ಹುಳು ಕಾಣಿಸಿಕೊಳ್ಳುವ ಮೊದಲೇ, ಬಿತ್ತಿ ಇಷ್ಟು ದಿನವಾಯಿತೆಂದು ಪಂಚಾಂಗ ನೋಡಿದಂತೆ ಸಿಂಪಡಿಸುತ್ತೇವೆ. ಪಕ್ಕದ ಹೊಲದವನು ಹೊಡೆದನೆಂದು ನಾವೂ ಹೊಡೆಯುತ್ತೇವೆ. ಪೈರನ್ನು ತಿನ್ನುವ ಹುಳುವಿನ ಜೊತೆಗೆ ಆ ಹುಳುವನ್ನೇ ತಿನ್ನುವ ಜೇಡ, ಹೂವಿಗೆ ಬರುವ ಜೇನುನೊಣ, ನೆಲದಡಿಯ ಎರೆಹುಳು ಎಲ್ಲವೂ ಸಾಯುತ್ತವೆ. ದ್ವೀಂದ್ರಿಯದಿಂದ ಚತುರಿಂದ್ರಿಯದವರೆಗೆ ಒಂದು ಗ್ರಾಮವೇ ಅಳಿಯುತ್ತದೆ. ಅದರಲ್ಲಿ ಆಕ್ರಮಿಸಿದವರು ಕೆಲವರು ಮಾತ್ರ. ಬೆಳೆಯಲ್ಲಿ ಹುಳುವಿನ ಸಂಖ್ಯೆ ಇಂತಿಷ್ಟು ಮೀರಿದರೆ ಮಾತ್ರ ಸಿಂಪಡಿಸಬೇಕೆಂದು ಕೃಷಿ ವಿಶ್ವವಿದ್ಯಾಲಯಗಳು ಬಹುಕಾಲದಿಂದ ಹೇಳುತ್ತ ಬಂದಿವೆ. ಅದಕ್ಕೆ ಅವರು ಹಾನಿಯ ಮಿತಿ ಎನ್ನುತ್ತಾರೆ. ವಿಜ್ಞಾನಿಗಳು ಹಣದ ಲೆಕ್ಕದಿಂದ ಹಾಕಿದ ಈ ಗೆರೆ, ವಿರೋಧೀ ಹಿಂಸೆಗೆ ಶಾಸ್ತ್ರವು ಹಾಕಬಹುದಾದ ಗೆರೆಗೆ ಬಹಳ ಹತ್ತಿರದಲ್ಲಿದೆ. ಆ ಗೆರೆಯ ಈಚೆಗೆ ನಿಂತು ಹೊಡೆದ ಪ್ರತಿಯೊಂದು ಡಬ್ಬಿಯೂ, ಪ್ರತಿವಾದಿಯ ಮಾತಿನಂತೆಯೇ, ಅವನಿಗೆ ದೊರೆತ ವಿನಾಯಿತಿಯ ಹೊರಗಿನದು.

ಈ ವಿವೇಚನೆ ಪುಸ್ತಕದಲ್ಲಿ ಚೆನ್ನ, ಹಸಿದ ದೇಶದಲ್ಲಿ ನಡೆಯದು ಎಂದು ಹೇಳುವವರು ಇದ್ದಾರೆ. ಅವರಿಗಾಗಿ, ಜನಸಂಖ್ಯೆಯಲ್ಲಿಯೂ ಬಡತನದಲ್ಲಿಯೂ ನಮ್ಮಂತೆಯೇ ಹೆಣಗುತ್ತಿದ್ದ ಇಂಡೋನೇಷ್ಯದ ಅನುಭವವನ್ನು ಸ್ವಲ್ಪ ವಿವರವಾಗಿ ನೆನೆಯುವುದು ಉಚಿತ. ಆ ದೇಶವು ಹೊಸ ಭತ್ತದ ತಳಿ, ರಸಗೊಬ್ಬರ, ಕೀಟನಾಶಕಗಳ ಬಲದಿಂದ 1984ರಲ್ಲಿ ಅಕ್ಕಿಯಲ್ಲಿ ಸ್ವಾವಲಂಬನೆಯನ್ನು ಸಾಧಿಸಿತ್ತು. ಕೀಟನಾಶಕದ ಬೆಲೆಯ ಶೇಕಡಾ 80ರಷ್ಟನ್ನು ಸರ್ಕಾರವೇ ತುಂಬಿಕೊಡುತ್ತಿದ್ದ ಕಾಲವದು. ಹೀಗಿರಲು ರೈತನು ಮಿತಿಯಿಲ್ಲದೆ ಹೊಡೆದದ್ದರಲ್ಲಿ ಆಶ್ಚರ್ಯವೇನು? ಸಾಧನೆಯ ಸಂಭ್ರಮ ಆರುವ ಮೊದಲೇ, 1985-86ರಲ್ಲಿ, ಕಂದು ಜಿಗಿಹುಳುವಿನ ಹಾವಳಿ ಜಾವಾ ದ್ವೀಪದ ಗದ್ದೆಗಳನ್ನು ಸುಡತೊಡಗಿತು. ಹೆಚ್ಚು ಹೊಡೆದ ಗದ್ದೆಯಲ್ಲಿಯೇ ಹುಳು ಹೆಚ್ಚಾಗಿ ಕಾಣಿಸಿತು. ಕಾರಣ ಬಹಳ ಸರಳ. ಜಿಗಿಹುಳುವಿನ ತತ್ತಿಗಳು ಭತ್ತದ ಗರಿಯ ಬುಡದ ಒಳಗೆ ಅಡಗಿರುತ್ತವೆ. ವಿಷವು ಅವುಗಳನ್ನು ಮುಟ್ಟುವುದಿಲ್ಲ. ಹೊರಗೆ ಓಡಾಡುವ ಜೇಡಗಳು ಮಾತ್ರ ಸಾಯುತ್ತವೆ. ತತ್ತಿಯೊಡೆದು ಮರಿಗಳು ಹೊರಬಂದಾಗ ಅವುಗಳನ್ನು ತಿನ್ನುವವರಾರೂ ಗದ್ದೆಯಲ್ಲಿ ಉಳಿದಿರುವುದಿಲ್ಲ.

1986ರ ನವೆಂಬರಿನಲ್ಲಿ ಅಲ್ಲಿನ ಅಧ್ಯಕ್ಷರು ಒಂದು ಆಜ್ಞೆ ಹೊರಡಿಸಿ 57 ಬಗೆಯ ಕೀಟನಾಶಕಗಳನ್ನು ಭತ್ತದ ಗದ್ದೆಯಿಂದ ಹೊರಗಿಟ್ಟರು. 1989ರ ಆರಂಭದ ಹೊತ್ತಿಗೆ ಸಹಾಯಧನವೂ ನಿಂತಿತು. ಅದೇ ವರ್ಷದಿಂದ ಊರೂರುಗಳಲ್ಲಿ ಗದ್ದೆಯನ್ನೇ ಪಾಠಶಾಲೆಯನ್ನಾಗಿಸಿ, ರೈತರು ವಾರಕ್ಕೊಮ್ಮೆ ಸೇರಿ, ಪೈರಿನ ಮೇಲಿರುವ ಪ್ರತಿಯೊಂದು ಜೀವಿಯನ್ನು ಗುರುತಿಸಿ, ಇದು ಯಾರನ್ನು ತಿನ್ನುತ್ತದೆ, ಇದನ್ನು ಯಾರು ತಿನ್ನುತ್ತಾರೆ ಎಂದು ಚಿತ್ರ ಬರೆದು ಕಲಿತರು. ಕೀಟನಾಶಕದ ಬಳಕೆ ಅರ್ಧಕ್ಕಿಂತ ಹೆಚ್ಚು ಇಳಿದರೂ ಅಕ್ಕಿಯ ಉತ್ಪಾದನೆ ಇಳಿಯಲಿಲ್ಲ, ಏರಿತು. ಆ ರೈತರಲ್ಲಿ ಯಾರೂ ಅಹಿಂಸಾವ್ರತಿಗಳಾಗಿರಲಿಲ್ಲ. ಅವರು ಮಾಡಿದ್ದು ಕೊಲ್ಲುವ ಮೊದಲು ನೋಡುವುದನ್ನು ಕಲಿತದ್ದು. ನಮ್ಮ ಭಾಷೆಯಲ್ಲಿ ಇದನ್ನೇ ಯತ್ನಾಚಾರವೆನ್ನುತ್ತಾರೆ. ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಮಾದವನ್ನೇ ಮುಂದಿಟ್ಟದ್ದು ಎಷ್ಟು ದೂರದೃಷ್ಟಿಯದೆಂಬುದು ಆ ಗದ್ದೆಗಳಲ್ಲಿ ಸ್ಪಷ್ಟವಾಗುತ್ತದೆ. ಮುಂದೆ ಕಲಿಕೆ ಸಡಿಲವಾಗಿ, ಬಗೆಬಗೆಯ ಕೀಟನಾಶಕಗಳು ಮತ್ತೆ ಮಾರುಕಟ್ಟೆಗೆ ನುಗ್ಗಿದ ಮೇಲೆ, 2010-11ರ ಸುಮಾರಿಗೆ ಜಿಗಿಹುಳು ಜಾವಾಕ್ಕೆ ಹಿಂದಿರುಗಿತೆಂಬುದನ್ನೂ ಮರೆಮಾಚಬಾರದು.

ಈ ಉದಾಹರಣೆಯಿಂದ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದೆಂದು ನನಗೆ ತೋರುತ್ತದೆ. ಅನಿವಾರ್ಯವೆಂದು ನಾವು ಕರೆಯುವ ಹಿಂಸೆ ಯಾವಾಗ ಅನಿವಾರ್ಯವಾಯಿತು? ಹೊಲದ ತುಂಬ ಹುಳು ಬಿದ್ದ ದಿನ ರೈತನ ಮುಂದೆ ಎರಡೇ ದಾರಿಗಳಿರುವುದು ನಿಜ: ಹೊಡೆಯುವುದು, ಇಲ್ಲವೇ ಬೆಳೆ ಕಳೆದುಕೊಳ್ಳುವುದು. ಆದರೆ ಆ ದಿನದ ಅನಿವಾರ್ಯತೆಯನ್ನು ಸಿದ್ಧಪಡಿಸಿದ್ದು ಮೂರು ತಿಂಗಳ ಹಿಂದೆ ಬಿತ್ತಿದ ದಿನ. ನಮ್ಮ ಹಿರಿಯರು ತೊಗರಿಯನ್ನೋ ಜೋಳವನ್ನೋ ಬಿತ್ತುವಾಗ ನಡುನಡುವೆ ಅಕ್ಕಡಿ ಸಾಲು ಬಿಡುತ್ತಿದ್ದರು. ಒಂದು ಹೊಲದಲ್ಲಿ ನಾಲ್ಕೈದು ಕಾಳುಗಳು ಇರುತ್ತಿದ್ದವು. ಒಂದನ್ನು ತಿನ್ನುವ ಹುಳುವಿಗೆ ಮುಂದಿನ ಸಾಲಿನಲ್ಲಿ ಆಹಾರವಿರಲಿಲ್ಲ; ಅದನ್ನು ತಿನ್ನುವ ಜೀವಿಗೆ ಅಲ್ಲಿ ನೆಲೆಯಿತ್ತು. ಇಂದು ಕಣ್ಣು ಹರಿಯುವಷ್ಟು ದೂರ ಒಂದೇ ಬೆಳೆ, ಒಂದೇ ತಳಿ. ಇದು ಹುಳುವಿಗೆ ನಾವೇ ಹಾಕಿದ ಪಂಕ್ತಿಯೂಟ. ಊಟಕ್ಕೆ ಕರೆದು ಎಲೆಯ ಮುಂದೆ ಕೊಲ್ಲುವುದು ವಿರೋಧೀ ಹಿಂಸೆ ಹೇಗಾದೀತು? ಆದುದರಿಂದ ಅಹಿಂಸೆಯ ನಿರ್ಧಾರವಾಗಬೇಕಾದ ದಿನ ಸಿಂಪಡಣೆಯ ದಿನವಲ್ಲ, ಬಿತ್ತನೆಯ ದಿನ. ಯಾವ ಬೆಳೆ, ಯಾವ ಹದ, ಯಾವುದರ ಜೊತೆ ಯಾವುದು ಎಂದು ನಿಶ್ಚಯಿಸುವಾಗಲೇ, ಮುಂದೆ ಎಷ್ಟು ಜೀವಗಳನ್ನು ಕೊಲ್ಲಬೇಕಾಗಿ ಬರುವುದೆಂಬುದೂ ಬಹುಮಟ್ಟಿಗೆ ನಿಶ್ಚಯವಾಗಿರುತ್ತದೆ.

ನೀರಿನ ವಿಷಯದಲ್ಲಿಯೂ ಹಾಗೆಯೇ. ಕೃಷ್ಣಾ ತೀರದ ನಮ್ಮ ಬಂಧುಗಳ ಕಬ್ಬಿನ ಹೊಲಗಳನ್ನು ನೋಡಿದರೆ ಸಂತೋಷವೂ ದುಃಖವೂ ಒಟ್ಟಿಗೆ ಆಗುತ್ತವೆ. ಬೇಕಾದುದಕ್ಕಿಂತ ಹೆಚ್ಚು ನೀರು ಹರಿಸಿ, ಬಸಿಯಲು ದಾರಿ ಬಿಡದೆ, ಬಂಗಾರದಂಥ ಎರೆಭೂಮಿ ಎಷ್ಟೋ ಕಡೆ ಸವಳು-ಜವಳಾಗಿ ಹೋಗಿದೆ; ನೆಲದ ಮೇಲೆ ಬಿಳಿಯ ಉಪ್ಪು ಅರಳಿ ಕಬ್ಬಿರಲಿ, ಹುಲ್ಲೂ ಏಳದ ಸ್ಥಿತಿ ಬಂದಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಭೇದಗಳನ್ನು ಹೇಳುವಾಗ, ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕಡಿಯುವುದು ಇವುಗಳನ್ನು ಪ್ರಮಾದಚರ್ಯೆಯೆಂದು ಕರೆದಿದ್ದಾರೆ. ಮನೆಯಲ್ಲಿ ಸ್ನಾನಕ್ಕೆ ಒಂದು ಚೊಂಬು ಹೆಚ್ಚು ನೀರು ಸುರಿದರೆ ಅಜ್ಜಿಯಂದಿರು ಗದರುತ್ತಿದ್ದುದು ಈ ಸಂಸ್ಕಾರದಿಂದಲೇ. ಪಂಪ್‌ಸೆಟ್ಟಿನ ಗುಂಡಿಯನ್ನು ಒತ್ತಿ ಮಲಗಿದವನನ್ನು ಗದರುವವರು ಇಲ್ಲವಾದರು.

ಹಾಗಾದರೆ ಸಾವಯವ ಕೃಷಿಯೆಂದು ಫಲಕ ಹಾಕಿದ ಮಾತ್ರಕ್ಕೆ ಹಿಂಸೆ ನಿಂತಿತೇ? ಇಲ್ಲ. ಈ ವಿಷಯದಲ್ಲಿ ಅತ್ಯುತ್ಸಾಹಿಗಳು ನಮ್ಮನ್ನು ದಾರಿ ತಪ್ಪಿಸಬಾರದು. ಕಲಬುರಗಿಯ ಕಡೆ ತೊಗರಿ ಗಿಡಗಳನ್ನು ಅಲುಗಿಸಿ, ಬಿದ್ದ ಕೀಡೆಗಳನ್ನು ಚೀಲದ ಮೇಲೆ ಹಿಡಿದು ಆರಿಸುವ ಹಳೆಯ ಪದ್ಧತಿಯಿದೆ. ಆರಿಸಿದ ಮೇಲೆ ಅವುಗಳ ಗತಿಯೇನೆಂಬುದನ್ನು ನಾವು ಬಲ್ಲೆವು. ಹೊಲದ ನಡುವೆ ಹಕ್ಕಿ ಕೂರಲು ಕವಲುಗೋಲು ನೆಟ್ಟವನು ಹಕ್ಕಿಯ ಕೈಯಲ್ಲಿ ಹುಳುವನ್ನು ಕೊಲ್ಲಿಸುತ್ತಿಲ್ಲವೇ ಎಂದು ಕೇಳಿದರೆ, ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬೇವಿನ ಬೀಜದ ಕಷಾಯವೂ ಹುಳುವಿನ ಹಸಿವನ್ನು ಕೆಡಿಸಿ ಅದನ್ನು ಕ್ಷೀಣಿಸುತ್ತದೆ. ಆದರೆ ಹಕ್ಕಿ ತಿಂದದ್ದು ತನ್ನ ಹಸಿವಿನಷ್ಟು. ವಿಷಕ್ಕೆ ಹಸಿವು ತೀರಿತೆಂಬುದಿಲ್ಲ. ಶ್ರಾವಕನ ಮಾರ್ಗವು ಕಡಮೆ ಮಾಡುವ ಮಾರ್ಗ, ಪೂರ್ಣ ನಿವೃತ್ತಿ ಮುನಿಗಳದು. ಅಡಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣಗಳ ಬೋರ್ಡೋ ದ್ರಾವಣ ಹೊಡೆಯುವವನ ವಿಷಯವೂ ಬೇರೆ. ಅಲ್ಲಿ ನಾಶವಾಗುವ ಶಿಲೀಂಧ್ರವು ಏಕೇಂದ್ರಿಯದ ವರ್ಗಕ್ಕೆ ಸೇರುವಂಥದು. ತೋಟದ ಕೆಳಗಿನ ತೋಡಿನಲ್ಲಿರುವ ಮೀನುಗಳನ್ನು ಅವನು ನೆನೆದರೆ ಸಾಕು.

ಒಮ್ಮೆಲೇ ಎಲ್ಲವನ್ನೂ ಬಿಡುವುದು ಧರ್ಮವೆಂದು ತಿಳಿದವರು ನೆರೆಯ ಶ್ರೀಲಂಕೆಯನ್ನು ನೋಡಬಹುದು. 2021ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರವು ರಸಗೊಬ್ಬರ, ಕೀಟನಾಶಕಗಳ ಆಮದನ್ನು ಏಕಾಏಕಿ ನಿಷೇಧಿಸಿತು. ಬೊಕ್ಕಸದಲ್ಲಿ ವಿದೇಶೀ ಹಣ ಬರಿದಾಗಿತ್ತೆಂಬುದು ಒಳಗಿನ ಮಾತು. ರೈತರಿಗೆ ಕಲಿಕೆಯಿರಲಿಲ್ಲ, ಸಾಕಷ್ಟು ಸಾವಯವ ಗೊಬ್ಬರವಿರಲಿಲ್ಲ. ಭತ್ತ, ಚಹಾ ಎರಡೂ ತೀವ್ರವಾಗಿ ಕುಸಿದು, ಅಕ್ಕಿಯನ್ನು ಹೊರಗಿನಿಂದ ತರಬೇಕಾಯಿತು. ನವೆಂಬರಿನಲ್ಲಿ ಆಜ್ಞೆಯನ್ನು ಹಿಂತೆಗೆಯಬೇಕಾಯಿತು. ಮಕ್ಕಳ ಹಸಿವೂ ಹಿಂಸೆಯೇ ಆದುದರಿಂದ, ಇದನ್ನು ಅಹಿಂಸೆಯ ಪ್ರಯೋಗವೆಂದು ಕರೆಯಲು ನನಗೆ ಮನಸ್ಸಿಲ್ಲ. ನಮ್ಮ ಆಚಾರ್ಯರು ಶ್ರಾವಕನಿಗೆ ಹನ್ನೊಂದು ಪ್ರತಿಮೆಗಳನ್ನು ಹೇಳಿದ್ದು, ಮೊದಲ ಮೆಟ್ಟಿಲಿನಲ್ಲಿ ನಿಂತವನಿಗೆ ಹನ್ನೊಂದನೆಯದನ್ನು ಹೊರಿಸಬಾರದೆಂದೇ. ವ್ರತವನ್ನು ತೆಗೆದುಕೊಳ್ಳುವವನು ಬೇರೆ, ಉಪವಾಸ ಬೀಳುವವನು ಬೇರೆ ಆದಾಗ ಅದು ವ್ರತವೂ ಅಲ್ಲ.

ಇದುವರೆಗೆ ಹುಳುಗಳ ಮಾತಾಯಿತು. ಪಂಚೇಂದ್ರಿಯ ಜೀವಿಯಾದ ಮನುಷ್ಯನ ಮಾತು ಇದಕ್ಕಿಂತ ದಾರುಣವಾದುದು. ಕಾಸರಗೋಡಿನ ಗೇರುತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಕನ್ನಡ, ತುಳು ಮಾತನಾಡುವ ಎಣ್ಮಕಜೆಯಂಥ ಊರುಗಳಲ್ಲಿ ಜನರು ಕುಡಿಯುತ್ತಿದ್ದ ತೋಡು, ಸುರಂಗಗಳ ನೀರಿಗೂ ಅದು ಇಳಿಯಿತು. ಅಂಗವೈಕಲ್ಯ, ಬುದ್ಧಿಮಾಂದ್ಯಗಳೊಂದಿಗೆ ಹುಟ್ಟಿದ ಮಕ್ಕಳ ಮನೆಗಳು ಅಲ್ಲಿ ಸಾಲುಸಾಲಾಗಿವೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿಯೂ ಗೇರುತೋಟಗಳ ನೆರೆಹೊರೆಯವರು ಇದೇ ಸಂಕಟವನ್ನು ಹೊತ್ತಿದ್ದಾರೆ. ಈ ಊರುಗಳು ನಮ್ಮ ಯಾತ್ರಿಕರು ಧರ್ಮಸ್ಥಳಕ್ಕೆ ಹೋಗುವ ದಾರಿಯಿಂದ ದೂರವೇನಲ್ಲ. ಸರ್ವೋಚ್ಚ ನ್ಯಾಯಾಲಯವು 2011ರ ಮೇ 13ರಂದು ಎಂಡೋಸಲ್ಫಾನನ್ನು ದೇಶದಾದ್ಯಂತ ತಡೆಹಿಡಿಯಿತು. 2017ರ ಜನವರಿಯಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ನೀರನ್ನು ಬಟ್ಟೆಯಲ್ಲಿ ಸೋಸಿ, ಸೋಸಿದ ಜೀವಗಳನ್ನು ಮತ್ತೆ ಅದೇ ಬಾವಿಗೆ ಬಿಡುವುದು ನಮ್ಮ ಮನೆಗಳ ನಿತ್ಯನಿಯಮ. ಜೀವಗಳು ಬಟ್ಟೆಯಲ್ಲಿ ಉಳಿಯುತ್ತವೆ, ವಿಷ ಉಳಿಯುವುದಿಲ್ಲ.

ಅದೇ 2017ರ ಮಳೆಗಾಲದಲ್ಲಿ ವಿದರ್ಭದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಸಿಂಪಡಿಸಲು ಹೋದವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ವಿಷವೇರಿ ಸತ್ತರು. ಸತ್ತವರಲ್ಲಿ ಕೂಲಿಯವರೂ ಇದ್ದರು. ಸಿಂಪಡಣೆಯನ್ನು ತಾನೇ ಮಾಡದೆ ಕೂಲಿಯಿಂದ ಮಾಡಿಸಿದೆನೆಂದು ಸಮಾಧಾನಪಡುವ ಭೂಮಾಲೀಕನಿಗೆ, ಕೃತ, ಕಾರಿತ, ಅನುಮೋದಿತ ಎಂಬ ಮೂರು ಮಾತುಗಳನ್ನು ಪ್ರತಿಕ್ರಮಣದಲ್ಲಿ ಪ್ರತಿನಿತ್ಯ ಉಚ್ಚರಿಸುವ ನಾವು ಹೊಸದಾಗಿ ಏನನ್ನೂ ಹೇಳಬೇಕಾಗಿಲ್ಲ. ಮಾರುವವನ ಸ್ಥಿತಿಯೂ ಯೋಚಿಸತಕ್ಕದ್ದು. ವಿಷವನ್ನು ಕೊಡುವುದು ಹಿಂಸಾದಾನವೆಂದು ಸಮಂತಭದ್ರರು ಹೇಳಿದ್ದಾರೆ. ಹೇಮಚಂದ್ರರ ಹದಿನೈದರಲ್ಲಿ ವಿಷವಾಣಿಜ್ಯವು ಹೆಸರು ಹಿಡಿದು ಕರೆದ ಒಂದು ನಿಷಿದ್ಧ ವೃತ್ತಿ. ಗೊಬ್ಬರ, ಬೀಜಗಳೊಂದಿಗೆ ಕೀಟನಾಶಕವನ್ನೂ ಮಾರುವ ಅಂಗಡಿಗಳು ನಮ್ಮವರವೂ ಇವೆ. ಬೀಜ ಮಾರಲಿ, ಬೇವಿನ ಹಿಂಡಿ ಮಾರಲಿ. ಮೂರನೆಯ ಕಪಾಟಿನ ವಿಷಯವನ್ನು ಮಾತ್ರ ಅವರು ಗುರುಗಳ ಸನ್ನಿಧಿಯಲ್ಲಿ ಒಮ್ಮೆ ಎತ್ತಿ ನೋಡಲಿ.

ಈ ಸರಪಳಿಯ ತುದಿ ನಮ್ಮ ಅಡುಗೆಮನೆಯಲ್ಲಿದೆ ಎಂದರೆ ಕೆಲವರಿಗೆ ಬೇಸರವಾದೀತು. ಆದರೂ ಹೇಳಬೇಕು. ಹುಳುವಿರುವ ಅವರೆಕಾಯಿಯನ್ನು, ತೂತು ಬಿದ್ದ ಬೆಂಡೆಕಾಯಿಯನ್ನು ಜೈನ ಗೃಹಿಣಿಯು ಕೊಳ್ಳುವುದಿಲ್ಲ. ಹೂಕೋಸನ್ನು ಹುಳುವಿನ ಭಯದಿಂದಲೇ ಎಷ್ಟೋ ಮನೆಗಳಲ್ಲಿ ತರುವುದಿಲ್ಲ. ಅರಿಯದೆ ಒಂದು ಹುಳು ಬೆಂದುಹೋದೀತೆಂಬ ಈ ಅಳುಕು ಪೂಜ್ಯವಾದುದು. ಆದರೆ ಸಂತೆಯಲ್ಲಿ ಒಂದೂ ಚುಕ್ಕೆಯಿಲ್ಲದ ಕಾಯಿಯನ್ನೇ ಹುಡುಕಿ, ಅದಕ್ಕೆ ಹೆಚ್ಚು ಬೆಲೆ ಕೊಟ್ಟು ತರುವಾಗ, ಆ ನುಣುಪು ಎಲ್ಲಿಂದ ಬಂತೆಂದು ಕೇಳಿದ್ದೇವೆಯೇ? ನಮ್ಮ ಬಾಣಲೆಯಲ್ಲಿ ಒಂದು ಹುಳು ಸಾಯಬಾರದೆಂದು ಹೊಲದಲ್ಲಿ ಸಾವಿರ ಹುಳುಗಳು ಮೊದಲೇ ಸತ್ತಿರುತ್ತವೆ. ಹುಳುವಿರುವ ಕಾಯಿಯನ್ನು ತಿನ್ನಬೇಕೆಂದು ಯಾರೂ ಹೇಳುತ್ತಿಲ್ಲ. ಹುಳು ಕೊರೆದ ಕಾಯಿಯನ್ನು ಬದಿಗಿಟ್ಟು, ಹುಳುವನ್ನು ಹಿತ್ತಲಿನ ಗಿಡದ ಬುಡಕ್ಕೆ ಬಿಟ್ಟು, ಉಳಿದದ್ದನ್ನು ಬಳಸುವ ತಾಳ್ಮೆ ನಮ್ಮ ತಾಯಂದಿರಿಗಿತ್ತು. ಬೇಳೆಗೆ ಹರಳೆಣ್ಣೆ ಸವರಿ, ಕಾಳಿನ ನಡುವೆ ಬೇವಿನ ಎಲೆಯಿಟ್ಟು, ಬಿಸಿಲಿಗೆ ಹರಡಿ, ಹುಳು ಹುಟ್ಟುವುದಕ್ಕೆ ಮೊದಲೇ ತಡೆಯುವ ಜಾಣ್ಮೆಯೂ ಇತ್ತು. ಸಾಗುವಳಿಗೆ ಮೇಲೆ ಹೇಳಿದ ತತ್ತ್ವವೂ ಇದೇ ಅಲ್ಲವೆ? ಆ ಮನೆವಾರ್ತೆಯನ್ನು ಹೊಲಕ್ಕೆ ವಿಸ್ತರಿಸಬೇಕಾಗಿದೆ, ಅಷ್ಟೇ.

ಮೊದಲ ಹೆಜ್ಜೆಯನ್ನು ಯಾರು ಇಡಬೇಕೆಂಬುದರಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಎರಡು ಎಕರೆಯ ರೈತನಿಗೆ ಅದನ್ನು ಹೇಳುವುದು ನ್ಯಾಯವಲ್ಲ. ಒಂದು ಬೆಳೆ ಕೈಕೊಟ್ಟರೆ ಅವನ ಮಗಳ ಮದುವೆ ನಿಲ್ಲುತ್ತದೆ. 1974ರ ಭೂಸುಧಾರಣೆಯಲ್ಲಿ ಬಸದಿಗಳ ಜಮೀನು ಬಹಳಷ್ಟು ಗೇಣಿದಾರರಿಗೆ ಸಂದರೂ, ಬಸದಿ, ಮಠ, ವಿದ್ಯಾಸಂಸ್ಥೆಗಳ ಟ್ರಸ್ಟುಗಳ ಕೈಯಲ್ಲಿ ಇನ್ನೂ ತೋಟ, ಗದ್ದೆಗಳಿವೆ; ಆಳಿಟ್ಟು ಸಾಗುವಳಿ ನಡೆಯುತ್ತದೆ. ವಾರ್ಷಿಕ ಲೆಕ್ಕಪತ್ರವನ್ನು ತೆರೆದು ನೋಡಿದರೆ, ಪೂಜಾ ವೆಚ್ಚ, ಆಹಾರದಾನದ ವೆಚ್ಚಗಳ ಕೆಳಗೆ ‘ತೋಟಕ್ಕೆ ಔಷಧಿ’ ಎಂಬ ಬಾಬ್ತು ಸಿಕ್ಕರೆ ಆಶ್ಚರ್ಯವಿಲ್ಲ. ವಾರ್ಷಿಕ ಬೆಳೆಯ ನೆಲವು ಸಾವಯವವೆಂದು ಮಾನ್ಯವಾಗಲು ನಮ್ಮ ದೇಶದ ನಿಯಮಗಳಂತೆ ಸಾಮಾನ್ಯವಾಗಿ ಎರಡು ವರ್ಷ, ಅಡಕೆ, ತೆಂಗಿನಂಥ ಬಹುವಾರ್ಷಿಕಗಳಿಗೆ ಮೂರು ವರ್ಷ ಬೇಕು. ಇಳುವರಿ ತಗ್ಗಬಹುದಾದ ಆ ವರ್ಷಗಳನ್ನು ಸಣ್ಣ ರೈತನಿಗಿಂತ ಟ್ರಸ್ಟು ಸುಲಭವಾಗಿ ತಾಳಿಕೊಳ್ಳಬಲ್ಲದು. ಅದರ ಗದ್ದೆಯ ಬದುವಿನಲ್ಲಿ ಊರಿನ ರೈತರು ವಾರಕ್ಕೊಮ್ಮೆ ಕುಳಿತು, ಜಾವಾದವರಂತೆ, ಪೈರಿನ ಮೇಲಿನ ಜೀವಿಗಳನ್ನು ಗುರುತಿಸುವುದನ್ನು ಕಲಿಯಬಹುದು. ಆಡಳಿತ ಮಂಡಲಿಗಳ ಮುಂದಿನ ಸಭೆ ಮುಂಗಾರಿನ ಬಿತ್ತನೆಗೆ ಮೊದಲೇ ನಡೆಯುವುದಾದರೆ, ತೋಟದ ಔಷಧಿಯ ಬಾಬ್ತನ್ನು ಅಂದೇ ಚರ್ಚೆಗೆ ತೆಗೆದುಕೊಳ್ಳಬಹುದು. ಬಿತ್ತಿದ ಮೇಲೆ ತೆಗೆದುಕೊಂಡರೆ ಆ ವರ್ಷಕ್ಕೆ ತಡವಾಗಿರುತ್ತದೆ.